ಕೋಳಿ ಫೀಡ್‌ಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?

ಗೌರಿಬಿದನೂರು ಕಡೆ ಮುಸುಕಿನ ಜೋಳ ಕಟಾವಿಗೆ ಬರುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಸರಿಯಾಗಿ ಒಣಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನೇ ಮೂಟೆ ಕಟ್ಟಿ ಶೆಡ್ ಮೂಲೆಗೆ ಒಟ್ಟಿದರೆ ಕೆಲವೇ ದಿನದಲ್ಲಿ ಹಸಿರು ಬೂಷ್ಟು. ಆಗ ಬಹಳ ಜನ ಬಿಸಿಲಿಗೆ ಹರವಿ, ಕೇರಿ, ಮತ್ತೆ ಕೋಳಿಗೇ ಹಾಕುತ್ತಾರೆ. ಬೂಷ್ಟೇನೋ ಒಣಗುತ್ತದೆ. ಅದು ಕಾಳಿನೊಳಗೆ ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ ಹೋಗುವುದಿಲ್ಲ. ಬೇಯಿಸಿದರೂ ಅಷ್ಟೆ.

ಹಾಗಾಗಿ ಕೊಳ್ಳುವಾಗಲೇ ತೇವ ನೋಡಿ. ಮೀಟರ್ ಇಲ್ಲದಿದ್ದರೆ ಉಪ್ಪು ಸಾಕು. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಜೋಳ, ಎರಡು ಮೂರು ಚಮಚ ಪುಡಿ ಉಪ್ಪು ಹಾಕಿ ಮುಚ್ಚಿ. ಉಪ್ಪು ಒದ್ದೆ ಅನ್ನಿಸಿದರೆ ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿ. ಒಂದು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಗಾಜಿಗೆ ಉಪ್ಪು ಅಂಟಿಕೊಂಡರೆ ತೇವ ಸುಮಾರು ಶೇ 15ಕ್ಕಿಂತ ಜಾಸ್ತಿ. ಅಂಟದಿದ್ದರೂ ಇನ್ನೊಂದು ದಿನ ಒಣಗಿಸಿ. ದಾಸ್ತಾನಿಗೆ ಶೇ 12–13 ಇದ್ದರೆ ಒಳ್ಳೆಯದು.

ಕಡಲೆಕಾಯಿ ಹಿಂಡಿ ಕೊಳ್ಳುವಾಗ ಇನ್ನೂ ಹುಷಾರು. ಈ ವಿಷ ಪತ್ತೆಯಾಗಿದ್ದೇ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು.

ಮೂಟೆಗಳನ್ನು ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಹಳೆಯದು ಮೊದಲು ಖಾಲಿಯಾಗಲಿ. ಫೀಡರ್ ತಳದಲ್ಲಿ ಗಟ್ಟಿಯಾಗಿ ಕೂತ ಫೀಡನ್ನು ವಾರಕ್ಕೊಮ್ಮೆಯಾದರೂ ಕೆರೆದು ತೆಗೆಯಿರಿ. ನಮ್ಮ ಕಣ್ಣಿಗೆ ಬೀಳದ ಜಾಗ ಅದೇ ಅಲ್ವಾ?

ವಿಷ ಒಳಗೆ ಹೋಗಿದೆ ಅಂತ ಗೊತ್ತಾಗುವುದು ಕಷ್ಟ, ಯಾಕೆಂದರೆ ಕೋಳಿ ತಟ್ಟಂತ ಸಾಯುವುದಿಲ್ಲ. ಮೇವು ಕಡಿಮೆಯಾಗುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ತೂಕ ಏರುವುದಿಲ್ಲ, ಮೊಟ್ಟೆ ಇಳಿಯುತ್ತದೆ. ಲಸಿಕೆ ಹಾಕಿಸಿದ್ದರೂ ರೋಗ ಬರುತ್ತದೆ. ಆಗ ಲಸಿಕೆಯನ್ನು ಬೈಯುತ್ತೇವೆ, ಮೂಟೆಯನ್ನು ನೋಡುವುದಿಲ್ಲ. ಸತ್ತ ಕೋಳಿಯನ್ನು ಪಶುವೈದ್ಯರಿಂದ ಕೊಯ್ಯಿಸಿ ನೋಡಿ. ಲಿವರ್ ಊದಿ ಹಳದಿಯಾಗಿದ್ದರೆ ಅಫ್ಲಾಟಾಕ್ಸಿನ್ ಮೇಲೆ ಅನುಮಾನ. ಮೂತ್ರಪಿಂಡ ಊದಿದ್ದರೆ ಓಕ್ರಾಟಾಕ್ಸಿನ್, ಬಾಯೊಳಗೆ ಹುಣ್ಣಿದ್ದರೆ ಟಿ-2 ಇರಬಹುದು. ಇವೂ ಬೂಷ್ಟಿನ ವಿಷಗಳೇ.

ಅನುಮಾನ ಬಂದ ದಿನವೇ ಫೀಡ್ ಬದಲಿಸಿ. ಪರೀಕ್ಷೆಗೆ ಕಳಿಸುವಾಗ ಒಂದೇ ಮೂಟೆಯ ಬಾಯಿಂದ ಹಿಡಿ ತೆಗೆದರೆ ಸುಮ್ನೆ ದಂಡ. ವಿಷ ಅಲ್ಲಲ್ಲಿ ಗುಂಪಾಗಿರುತ್ತದೆ. ಹತ್ತು ಕಡೆಯಿಂದ ತೆಗೆದು ಬೆರೆಸಿ, ಅರ್ಧ ಕೆಜಿಯನ್ನು ಕಾಗದದ ಚೀಲದಲ್ಲಿ ಕೊಡಿ. ಫೀಡಿಗೆ ಬೆರೆಸುವ, ಬೆಂಟೊನೈಟ್ ಜೇಡಿ ಇರುವ ಟಾಕ್ಸಿನ್ ಬೈಂಡರ್ (ವಿಷ ಹಿಡಿದಿಡುವ ಪುಡಿ) ಅಫ್ಲಾಟಾಕ್ಸಿನ್ನನ್ನು ಕರುಳಲ್ಲೇ ಹಿಡಿದಿಡುತ್ತದೆ. ಆದರೆ ಎಲ್ಲ ವಿಷಕ್ಕೂ ಅದು ನಾಟುವುದಿಲ್ಲ. ಬೈಂಡರ್ ಇದೆಯಲ್ಲ ಅಂತ ಕೆಟ್ಟ ಜೋಳ ಕೊಳ್ಳಬೇಡಿ.

ಉಳಿದ ಬೂಷ್ಟು ಮೂಟೆಯನ್ನು ಕೊಟ್ಟಿಗೆಗೆ ಸಾಗಿಸುವವರೂ ಇದ್ದಾರೆ. ಹಾಲಿನ ಸೀಮೆ ನಮ್ಮದು. ಹಸು ತಿಂದರೆ ಒಂದೇ ದಿನದಲ್ಲಿ ಆ ವಿಷದ ಅಂಶ ಹಾಲಿಗೆ ಇಳಿಯುತ್ತದೆ. ಗುಂಡಿ ತೋಡಿ ಹೂತುಬಿಡಿ.