ಕಣ್ಗಾವಲು ಮಸೂದೆಯನ್ನು ಒರೆಗೆ ಹಚ್ಚುವುದು ಹೇಗೆ?

‘ಭದ್ರತೆ ಬೇಕೋ, ಖಾಸಗಿತನ ಬೇಕೋ’ ಎಂದು ಶುರುವಾದ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ. ಭದ್ರತೆ ಬೇಡ ಅನ್ನುವವರು ಯಾರಿದ್ದಾರೆ? ಮಸೂದೆಯನ್ನೇ ಎದುರಿಗಿಟ್ಟುಕೊಂಡು ಕೂತರೆ ಕೆಲಸ ಸಾಗುತ್ತದೆ.

ಮೊದಲು ವ್ಯಾಖ್ಯಾನಗಳನ್ನು ಓದಿ. ಮಾಹಿತಿ ಸಂಗ್ರಹ ಹೆಸರಿಸಿದ ಶಂಕಿತರದ್ದೋ, ಎಲ್ಲರದ್ದೋ? ‘ರಾಷ್ಟ್ರೀಯ ಭದ್ರತೆ’, ‘ಸಾರ್ವಜನಿಕ ಹಿತ’ ಎಂಬ ಪದಗಳಿಗೆ ಗಡಿ ಹಾಕಿಲ್ಲದಿದ್ದರೆ ಕೆಂಪು ಗೆರೆ ಎಳೆಯಿರಿ. ‘ಮಾತು ಕೇಳುವುದಿಲ್ಲ, ಕರೆಯ ವಿವರ ಮಾತ್ರ’ ಎಂಬ ಸಮಾಧಾನಕ್ಕೂ ಮರುಳಾಗಬೇಡಿ. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್‌ನಿಂದ ಎಂಬುದು ಗೊತ್ತಾದರೆ ಒಬ್ಬರ ಕಾಯಿಲೆ, ಧರ್ಮ, ಗೆಳೆತನ ಎಲ್ಲವನ್ನೂ ಊಹಿಸಬಹುದು.

ಆಮೇಲೆ ಲೆಕ್ಕ. 1 ಕೋಟಿ ಜನರಲ್ಲಿ 100 ಮಂದಿ ನಿಜಕ್ಕೂ ಅಪಾಯಕಾರಿಗಳು ಎಂದಿಟ್ಟುಕೊಳ್ಳಿ. ಅವರನ್ನು ಹುಡುಕುವ ವ್ಯವಸ್ಥೆ ಶೇ 99ರಷ್ಟು ನಿಖರ. 99 ಮಂದಿ ಸಿಕ್ಕುತ್ತಾರೆ. ಆದರೆ ಉಳಿದವರಲ್ಲಿ ಶೇ 1ರಷ್ಟು, ಅಂದರೆ 99,999 ನಿರಪರಾಧಿಗಳೂ ಬಲೆಗೆ ಬೀಳುತ್ತಾರೆ. ಶಂಕಿತರ ಪಟ್ಟಿಯಲ್ಲಿ ಸರಿಸುಮಾರು ಸಾವಿರಕ್ಕೆ ಒಬ್ಬನೇ ಅಸಲಿ. ಉಳಿದವರ ವಿಚಾರಣೆಯಲ್ಲೇ ಪೊಲೀಸರ ಸಮಯ ಕಳೆಯುವುದರಿಂದ ಭದ್ರತೆಗೂ ಇದು ನಷ್ಟವೇ. ಮಸೂದೆ ಮಂಡಿಸಿದವರ ಹತ್ತಿರ ತಪ್ಪು ಶಂಕೆಯ ಪ್ರಮಾಣವನ್ನು ಕೇಳಿ. ಬರೀ ‘ನಿಖರತೆ’ಯ ಅಂಕಿ ಸಾಲದು.

ಅಗತ್ಯಕ್ಕೆ ಪುರಾವೆ ಕೇಳುವಾಗ ಸಾಮೂಹಿಕ ಸಂಗ್ರಹವನ್ನೂ ಗುರಿಯಿಟ್ಟ ಕಣ್ಗಾವಲನ್ನೂ ಬೇರೆ ಬೇರೆ ತೂಗಿ. ಅಮೆರಿಕದ ಖಾಸಗಿತನ ಮತ್ತು ನಾಗರಿಕ ಸ್ವಾತಂತ್ರ್ಯ ಮೇಲ್ವಿಚಾರಣಾ ಮಂಡಳಿ 2014ರಲ್ಲಿ ಮಾಡಿದ್ದು ಇದನ್ನೇ. ಎಲ್ಲರ ಕರೆ ವಿವರ ಕಲೆಹಾಕುವ ಯೋಜನೆಯಿಂದ ಯಾವ ಭಯೋತ್ಪಾದನಾ ತನಿಖೆಯ ಫಲಿತಾಂಶಕ್ಕೂ ಗಣನೀಯ ನೆರವಾಗಿದ್ದು ಕಾಣಲಿಲ್ಲ ಎಂದಿತು. ವಿದೇಶಿ ಗುರಿಗಳನ್ನು ಆರಿಸಿ ನಿಗಾ ಇಡುವ ಇನ್ನೊಂದು ಯೋಜನೆ ಉಪಯುಕ್ತವೆಂದೂ ಹೇಳಿತು.

ಮಾಹಿತಿ ಉಳಿಸಿಕೊಳ್ಳುವ ಅವಧಿಯನ್ನು ನೋಡಿ. ಸಂಪರ್ಕ ವಿವರಗಳನ್ನು 6 ತಿಂಗಳಿಂದ 2 ವರ್ಷದವರೆಗೆ ಇಡಬೇಕೆಂದಿದ್ದ ಯುರೋಪಿನ 2006ರ ನಿರ್ದೇಶನವನ್ನು ಅಲ್ಲಿನ ನ್ಯಾಯಾಲಯ 2014ರಲ್ಲಿ ರದ್ದುಮಾಡಿತು. ಅಪರಾಧದ ನಂಟಿಲ್ಲದವರನ್ನೂ ವಿನಾಯಿತಿಯಿಲ್ಲದೆ ಅದು ಒಳಗೊಂಡಿದ್ದು ಒಂದು ಮುಖ್ಯ ಆಕ್ಷೇಪ.

ಹೆಚ್ಚಿನ ಮಸೂದೆಗಳು ಎಡವುವುದು ಅನುಮತಿ ಮತ್ತು ಲೆಕ್ಕಪರಿಶೋಧನೆಯಲ್ಲಿ. ಅನುಮತಿ ಕೇಳುವ ಇಲಾಖೆಯೇ ಅದನ್ನು ಕೊಡುವಂತಿರಬಾರದು. ನ್ಯಾಯಾಧೀಶರ ಸಹಿ ಮೊದಲೇ ಬೇಕು. ತುರ್ತು ವಿನಾಯಿತಿ ಕೊಟ್ಟರೂ ಗಂಟೆಗಳ ಮಿತಿ ಇರಲಿ, ಅಷ್ಟರೊಳಗೆ ಸಹಿ ಸಿಗದಿದ್ದರೆ ಸಂಗ್ರಹಿಸಿದ್ದು ಅಳಿಸಿಹೋಗಲಿ. ಯಾರು ಏನನ್ನು ತೆರೆದು ನೋಡಿದರು ಎಂಬ ದಾಖಲೆ ಬೇರೆ ಸಂಸ್ಥೆಯ ಕೈಯಲ್ಲಿರಬೇಕು. ಗ್ರೀಸ್‌ನಲ್ಲಿ 2004–05ರಲ್ಲಿ ಪ್ರಧಾನಿಯೂ ಸೇರಿ ನೂರರಷ್ಟು ಮಂದಿಯ ಫೋನ್‌ಗಳನ್ನು ಅಪರಿಚಿತರು ಕದ್ದಾಲಿಸಿದರು. ಅದಕ್ಕೆ ಬಳಸಿದ್ದು ಕಾನೂನುಬದ್ಧ ಕದ್ದಾಲಿಕೆಗೆಂದೇ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿದ್ದ ಸೌಲಭ್ಯವನ್ನು. ಕದ್ದಾಲಿಸುವ ಭಾಗ ಅಲ್ಲಿತ್ತು, ಅದನ್ನು ನಿರ್ವಹಿಸಿ ದಾಖಲೆ ಇಡುವ ಭಾಗವನ್ನು ಅಳವಡಿಸಿರಲಿಲ್ಲ. ಒಳ್ಳೆಯವರಿಗೆಂದು ತೆಗೆದ ಹಿಂಬಾಗಿಲು ಯಾರು ತಳ್ಳಿದರೂ ತೆರೆಯುತ್ತದೆ.

ತನಿಖೆ ಮುಗಿದ ಮೇಲೆ ವ್ಯಕ್ತಿಗೆ ತಿಳಿಸುವ ವಿಧಿ ಇದೆಯೇ? ಇಲ್ಲದಿದ್ದರೆ ದೂರು ಕೊಡುವ ಹಕ್ಕು ಕಾಗದದ ಮೇಲಷ್ಟೇ.

ಕೊನೆಗೆ, ಕಾನೂನು ತಾನಾಗಿ ಮುಗಿಯುವ ದಿನಾಂಕವನ್ನು ಹುಡುಕಿ. ಅಮೆರಿಕದ ಕರೆ ವಿವರ ಸಂಗ್ರಹಕ್ಕೆ ಆಧಾರವಾಗಿದ್ದ ವಿಧಿಗೆ 2015ರ ಗಡುವಿದ್ದುದರಿಂದಲೇ ಸಂಸತ್ತು ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು, ಸಾಮೂಹಿಕ ಸಂಗ್ರಹ ನಿಂತಿತು. ನಿಮ್ಮ ಮುಂದಿರುವ ಮಸೂದೆಯಲ್ಲಿ ಅಂಥ ದಿನಾಂಕ ಇಲ್ಲದಿದ್ದರೆ, ತಿದ್ದುಪಡಿಯ ಪತ್ರದಲ್ಲಿ ಅದನ್ನೇ ಮೊದಲ ಬೇಡಿಕೆಯಾಗಿ ಬರೆಯಿರಿ.