ಲಿವರ್ ಕಾಯುವ ಗಿಡಗಳು: ನಾನು ಪರೀಕ್ಷೆ ಮಾಡುವ ರೀತಿ

ಲಿವರ್‌ಗೆ ಒಳ್ಳೆಯದು ಅಂತ ಹೆಸರು ಮಾಡಿದ ಗಿಡಗಳು ಒಂದೆರಡಲ್ಲ. ನೆಲನೆಲ್ಲಿ, ಕಟುಕರೋಹಿಣಿ, ನೆಲಬೇವು, ಅರಿಶಿನ, ಮಿಲ್ಕ್ ಥಿಸಲ್. ಇವುಗಳಿಂದ ತೆಗೆದ ಅಂಶಗಳನ್ನು ಲ್ಯಾಬಿನಲ್ಲಿ ಲಿವರ್ ಕೋಶಗಳ ಮೇಲೆ ಪರೀಕ್ಷಿಸುವುದು ನನ್ನ ಕೆಲಸ. ಪ್ರತಿ ಸಲವೂ ನಾನು ಕೇಳಿಕೊಳ್ಳುವುದು ಇಷ್ಟೇ: ಇದು ಕೋಶವನ್ನು ಕಾಪಾಡಿತಾ, ಇಲ್ಲಾ ವಿಷ ಹುಟ್ಟದಂತೆ ಮಾಡಿತಾ?

ಪರೀಕ್ಷೆಗಾಗಿ ಕೋಶಗಳನ್ನು ಕೆಡಿಸಲು ನಾನು ಜಾಸ್ತಿ ಬಳಸುವ ವಿಷ ಪ್ಯಾರಾಸಿಟಮಾಲ್. ಮಾಮೂಲಿ ಜ್ವರದ ಮಾತ್ರೆಯೇ, ಡೋಸ್ ಮಾತ್ರ ಮಿತಿಮೀರಿದ್ದು. ಲಿವರ್‌ನಲ್ಲಿರುವ ಸಿವೈಪಿ2ಇ1 ಎಂಬ ಕಿಣ್ವ ಅದರಲ್ಲಿ ಒಂದು ಪಾಲನ್ನು ಎನ್‌ಎಪಿಕ್ಯೂಐ ಎಂಬ ವಿಷವಾಗಿ ಬದಲಾಯಿಸುತ್ತದೆ. ಈ ವಿಷವನ್ನು ಹಿಡಿದು ನಿರಪಾಯ ಮಾಡುವ ಗ್ಲುಟಾಥಯೋನ್ ಎಂಬ ವಸ್ತು ಕೋಶದಲ್ಲಿ ಇರುವವರೆಗೆ ತೊಂದರೆಯಿಲ್ಲ. ಅದು ಖಾಲಿಯಾದರೆ ಈ ವಿಷ ಕೋಶದ ಪ್ರೋಟೀನ್‌ಗಳಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಹೆಪ್‌ಜಿ2 ಎಂಬ, ಮನುಷ್ಯರ ಲಿವರ್ ಗಡ್ಡೆಯಿಂದ ಬಂದ ಲ್ಯಾಬ್ ಕೋಶಗಳು ನನಗೆ ಬೇಡ. ಬೆಳೆಸುವುದು ಸುಲಭ, ಆದರೆ ಆ ಕಿಣ್ವ ಅವುಗಳಲ್ಲಿ ತೀರಾ ಕಡಿಮೆ. ಇಲಿಯ ಲಿವರ್‌ನಿಂದ ಆಗಷ್ಟೇ ಬಿಡಿಸಿದ ಕೋಶಗಳನ್ನೇ ಹಿಡಿಯುತ್ತೇನೆ. ಅವೂ ದಿನ ಕಳೆದಂತೆ ಕಿಣ್ವ ಕಳೆದುಕೊಳ್ಳುತ್ತವೆ, ಅದಕ್ಕೇ ತಡ ಮಾಡುವಂತಿಲ್ಲ.

ಇನ್ನು ಕರಗಿಸುವ ದ್ರವ. ಈ ಅಂಶಗಳಲ್ಲಿ ಬಹಳಷ್ಟು ನೀರಿನಲ್ಲಿ ಕರಗುವುದಿಲ್ಲ, ಎಲ್ಲರೂ ಡಿಎಂಎಸ್ಒ ಬಳಸುತ್ತಾರೆ. ತಮಾಷೆಯೆಂದರೆ ಡಿಎಂಎಸ್ಒ ತಾನೇ ಆ ಕಿಣ್ವವನ್ನು ತಡೆಯುತ್ತದೆ! ಗಿಡಕ್ಕೆ ಸಿಕ್ಕ ಹೊಗಳಿಕೆ ಕೆಲವೊಮ್ಮೆ ಈ ದ್ರವಕ್ಕೆ ಸೇರಬೇಕಾದದ್ದು. ಆದ್ದರಿಂದ ಅದನ್ನು ಆದಷ್ಟು ಕಡಿಮೆ ಹಾಕುತ್ತೇನೆ, ಕೋಶಗಳಿರುವ ಪ್ಲೇಟಿನ ಪ್ರತಿ ಗುಂಡಿಗೂ (ಪುಟ್ಟ ಕುಳಿಗೂ) ಅಷ್ಟೇ ಪ್ರಮಾಣ.

ಅಂಶವನ್ನು ಯಾವಾಗ ಹಾಕುತ್ತೇವೆ ಎನ್ನುವುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ. ವಿಷಕ್ಕೆ ಮೊದಲೇ ಹಾಕಿದರೆ ಎಷ್ಟೋ ಅಂಶಗಳು ಗೆಲ್ಲುತ್ತವೆ. ಕಿಣ್ವವನ್ನು ತಡೆದರೂ ಸಾಕು, ಗೆದ್ದಂತೆಯೇ ಕಾಣುತ್ತದೆ. ಆದರೆ ಕಾಯಿಲೆಯವರು ಆಸ್ಪತ್ರೆಗೆ ಬರುವುದು ವಿಷ ಒಳಗೆ ಹೋದ ಮೇಲೆ ಅಲ್ವಾ? ಅದಕ್ಕೆ ಒಂದು ಗುಂಪಿಗೆ ವಿಷ ಕೊಟ್ಟು ಕೆಲವು ಗಂಟೆ ಬಿಟ್ಟು ಅಂಶ ಹಾಕುತ್ತೇನೆ. ಪಕ್ಕದಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಹಾಕಿದ ಗುಂಪು ಇರಲೇಬೇಕು. ಪ್ಯಾರಾಸಿಟಮಾಲ್ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಅದೇ.

ಎಷ್ಟು ಕೋಶ ಬದುಕಿದವು ಎಂದು ನೋಡಲು ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಒಂದನ್ನೇ ನಂಬುವುದಿಲ್ಲ. ಆ ಹಳದಿ ಬಣ್ಣ ಬದುಕಿರುವ ಕೋಶದಲ್ಲಿ ನೇರಳೆಯಾಗಬೇಕು. ಗಿಡಗಳಲ್ಲಿರುವ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಸುರಿದರೆ ಕೋಶವೇ ಇಲ್ಲದ ಗುಂಡಿಯೂ ನೇರಳೆಯಾಗಬಹುದು. ಖಾಲಿ ಗುಂಡಿಯಲ್ಲಿ ಅಂಶ ಮಾತ್ರ ಹಾಕಿ ನೋಡಿ, ಗೊತ್ತಾಗುತ್ತದೆ. ಜೊತೆಗೆ ಒಡೆದ ಕೋಶಗಳಿಂದ ಹೊರಗೆ ಸೋರುವ ಕಿಣ್ವವಾದ ಎಲ್‌ಡಿಎಚ್ ಅಳೆಯುತ್ತೇನೆ.

ಇಷ್ಟೆಲ್ಲ ಅನುಮಾನದ ನಡುವೆಯೂ ನನಗೆ ಗೌರವವಿರುವ ಅಂಶ ಸಿಲಿಬಿನಿನ್. ಮಿಲ್ಕ್ ಥಿಸಲ್ ಬೀಜದ ಸಿಲಿಮರಿನ್‌ ಎಂಬ ಮಿಶ್ರಣದಲ್ಲಿ ಮುಖ್ಯವಾದದ್ದು ಇದು. ಡೆತ್ ಕ್ಯಾಪ್ ಅಣಬೆಯ ವಿಷ ಲಿವರ್ ಕೋಶದೊಳಗೆ ನುಗ್ಗುವ ಬಾಗಿಲನ್ನೇ ಇದು ಮುಚ್ಚುತ್ತದೆ. ಆ ವಿಷಕ್ಕೆ ಇದನ್ನು ಇಂಜೆಕ್ಷನ್ ರೂಪದಲ್ಲಿ ಕೊಡುತ್ತಾರೆ. ಹಾಗಂತ ಎಲ್ಲ ಲಿವರ್ ಕಾಯಿಲೆಗೂ ಆಗುವುದಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಪಟೈಟಿಸ್ ಸಿ ಇದ್ದವರಿಗೆ ಜಾಸ್ತಿ ಡೋಸಿನ ಸಿಲಿಮರಿನ್ ಬಾಯಿಯ ಮೂಲಕ ಕೊಟ್ಟರೂ, ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವವಾದ ಎಎಲ್‌ಟಿ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟವರಿಗಿಂತ ಹೆಚ್ಚು ಇಳಿಯಲಿಲ್ಲ.

ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಗ್ರೀನ್ ಟೀಯ ಗಟ್ಟಿ ಸಾರದ ಮಾತ್ರೆಗಳಿಂದ, ಕಾಳುಮೆಣಸಿನ ಪೈಪರಿನ್ ಸೇರಿಸಿದ ಅರಿಶಿನದ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಹಾಗಾಗಿ ಪ್ಲೇಟಿನ ಒಂದು ಸಾಲಿಗೆ ಪ್ಯಾರಾಸಿಟಮಾಲ್ ಹಾಕುವುದೇ ಇಲ್ಲ. ಅಲ್ಲಿ ಗಿಡದ ಅಂಶ ಮಾತ್ರ, ಗುಂಡಿಯಿಂದ ಗುಂಡಿಗೆ ಡೋಸ್ ಏರಿಸುತ್ತಾ ಹೋಗುತ್ತೇನೆ, ಕೋಶ ಸಾಯುವವರೆಗೆ.