ಒಂದು ಖಣದ ಫ್ರಾಕು, ಮೂರು ಮಡಿಕೆ

ಮಗಳ ಮೊದಲ ಹುಟ್ಟುಹಬ್ಬಕ್ಕೆ ನಾನು ತಂದಿದ್ದು ಗುಲಾಬಿ ಬಣ್ಣದ ನೆಟ್ ಫ್ರಾಕು. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಗಾಜಿನ ಹಿಂದೆ ತೂಗಿ ಹಾಕಿದ್ದರು, ಬಹಳ ಚೆಂದ ಕಂಡಿತ್ತು. ತೊಡಿಸಿ ಹತ್ತು ನಿಮಿಷ ಆಗಿರಲಿಲ್ಲ, ಮಗು ಅಳಲು ಶುರು ಮಾಡಿತು. ಹಸಿವು ಅಂದುಕೊಂಡೆ. ನಿದ್ದೆ ಅಂದುಕೊಂಡೆ. ಫೋಟೊ ಎಲ್ಲ ಮುಗಿದು ಬಿಚ್ಚಿದಾಗ ಕಂಕುಳ ಕೆಳಗೆ ಎರಡೂ ಕಡೆ ಕೆಂಪು ಗೆರೆ ಎದ್ದಿತ್ತು. ಫ್ರಾಕನ್ನು ತಿರುವಿ ಒಳಮೈ ನೋಡಿದೆ. ಕತ್ತರಿಸಿದ ನೆಟ್ಟಿನ ಅಂಚು ಹೊಲಿಗೆಯಿಂದ ಆಚೆ ಒಣಹುಲ್ಲಿನ ಹಾಗೆ ಚಾಚಿಕೊಂಡಿತ್ತು. ಲೈನಿಂಗ್ ಇತ್ತು, ಆದರೆ ಸೊಂಟದಿಂದ ಕೆಳಗೆ ಮಾತ್ರ. ಆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂತಾಗ ನನಗೆ ತುಂಬ ಸಂಕಟವಾಯಿತು. ಎರಡು ತಾಸು ಅಳುವ ಮಗುವನ್ನು ಕೈಯಿಂದ ಕೈಗೆ ದಾಟಿಸಿದ್ದೆವು, ಬಟ್ಟೆಯ ಕಡೆ ಒಬ್ಬರ ಗಮನವೂ ಹೋಗಿರಲಿಲ್ಲ.

ಅವತ್ತಿನಿಂದ ಮಕ್ಕಳ ಬಟ್ಟೆಯನ್ನು ಮೊದಲು ಒಳಗಿನಿಂದ ನೋಡುತ್ತೇನೆ. ಈಗ ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಅವರ ಬಟ್ಟೆಗಳಲ್ಲಿ ಅರ್ಧದಷ್ಟು ನಾನೇ ಹೊಲಿದದ್ದು.

ಹಾಗೆ ನೋಡಿದರೆ ಈ ಪಾಠ ನನಗೆ ಮೊದಲೇ ಸಿಕ್ಕಿತ್ತು. ಬಾಣಂತನಕ್ಕೆ ಧಾರವಾಡಕ್ಕೆ ಹೋಗಿದ್ದಾಗ ನಾನು ತಂದ ಹೊಸ ಜಬಲಾಗಳನ್ನೆಲ್ಲ ಅವ್ವ ಬದಿಗಿಟ್ಟಳು. "ಹೊಸಾದು ಈಗ ಬ್ಯಾಡ, ಮೊದಲ ಹಳೇ ಬಟ್ಟಿ ಹಾಕೋಣು" ಅಂದಳು. ತನ್ನ ಹಳೆಯ ಕಾಟನ್ ಸೀರೆಗಳನ್ನು ಹರಿದು, ಕುದಿಯುವ ನೀರಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ ಮಗುವಿಗೆ ಅಂಗಿ ಮಾಡಿದ್ದಳು. ನಾನು ಅದನ್ನು ಬರೀ ಶಾಸ್ತ್ರ ಅಂದುಕೊಂಡಿದ್ದೆ. ಈಗ ಅರ್ಥವಾಗುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣ ಬಿಡುತ್ತದೆ, ನೂಲು ಬಿರುಸಾಗಿರುತ್ತದೆ. ನೂರು ಸಲ ಒಗೆದ ಸೀರೆಯಲ್ಲಿ ಅದ್ಯಾವುದೂ ಉಳಿದಿರುವುದಿಲ್ಲ. ಅವ್ವ ಆ ಅಂಗಿಗಳನ್ನು ಹೊಲಿಗೆ ಹೊರಗೆ ಬರುವ ಹಾಗೆ ತಿರುವಿ ಹಾಕುತ್ತಿದ್ದಳು. ಯಾಕೆ ಅಂತ ನಾನು ಕೇಳಿರಲೂ ಇಲ್ಲ.

ಮಗಳಿಗೆ ಎರಡು ವರ್ಷ ತುಂಬಿದ ಸಲದ ದೀಪಾವಳಿಗೆ ನಾನೇ ಒಂದು ಫ್ರಾಕು ಹೊಲಿಯಬೇಕು ಅಂತ ಹಠ ಹಿಡಿದೆ. ಬಟ್ಟೆ ಯಾವುದು ಅನ್ನುವ ಪ್ರಶ್ನೆಯೇ ಬರಲಿಲ್ಲ. ಖಣ. ನಮ್ಮ ಕಡೆ ಹೆಣ್ಣುಮಗಳು ಮನೆಗೆ ಬಂದರೆ ಉಡಿ ತುಂಬುವಾಗ ಇಡುವುದು ಅದನ್ನೇ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ, ಕುಪ್ಪಸಕ್ಕೆಂದೇ ಇರುವ ಬಟ್ಟೆ. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಕಡು ಹಸಿರು ಮೈ, ಕೆಂಪು ದಡಿಯ ಖಣ ಎರಡು ಮೀಟರ್ ತಂದೆ. ಅದಕ್ಕೆ ಮೊದಲು ಎರಡು ಕಡೆ ಮೋಸ ಹೋಗಿದ್ದೆ. ಖಣದ ಹೆಸರಲ್ಲಿ ಪಾಲಿಯೆಸ್ಟರ್ ಈಗ ಜಾಸ್ತಿ. ಗುರುತಿಸುವುದು ಸುಲಭ. ಅಂಚಿನಿಂದ ಒಂದೆಳೆ ಎಳೆದು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತದೆ. ಬೆವರುವ ಮಗುವಿಗೆ ಆ ಮಣಿ ಆಗುವ ಬಟ್ಟೆ ಬೇಡವೇ ಬೇಡ.

ಕತ್ತರಿಸುವ ಮೊದಲು ತಣ್ಣೀರಲ್ಲಿ ಎರಡು ಸಲ ಬೇರೆಯಾಗಿ ಒಗೆದೆ. ಮೊದಲ ನೀರು ಹಸಿರಾಯಿತು, ಎರಡನೆಯದು ಹೆಚ್ಚು ಕಡಿಮೆ ತಿಳಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ ಅಂತ.

ಖಣದ ಅಗಲ ಕಡಿಮೆ. ನನ್ನದು 31 ಇಂಚು ಇತ್ತು. ದೊಡ್ಡವರ ಕುರ್ತಾಗೆ ಇದು ತೊಂದರೆ, ಆದರೆ ಎರಡು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಹಾಗೆ. ಒಂದು ಮೀಟರ್ ತುಂಡನ್ನು ಉದ್ದಕ್ಕೆ ನಟ್ಟನಡುವೆ ಕತ್ತರಿಸಿದೆ. ಹದಿನೈದೂವರೆ ಇಂಚಿನ ಎರಡು ಪಟ್ಟಿ ಸಿಕ್ಕವು, ಎರಡಕ್ಕೂ ಒಂದು ಬದಿಗೆ ದಡಿ. ಒಂದು ಫ್ರಾಕಿನ ಕೆಳಭಾಗದ ಮುಂದಿನ ನೆರಿಗೆಗೆ, ಒಂದು ಹಿಂದಿನದಕ್ಕೆ. ದಡಿ ತಾನಾಗಿಯೇ ಕೆಳಗೆ ಬಂತು. ದಡಿಯ ಅಂಚು ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಆ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ಮಗಳ ಎದೆ ಸುತ್ತಳತೆ 20 ಇಂಚು. ನಾನು 24ಕ್ಕೆ ಕತ್ತರಿಸಿದೆ. ಟೈಲರ್ ಆದರೆ ದೊಡ್ಡದಾಯಿತು ಅನ್ನುತ್ತಿದ್ದರು. ಆದರೆ ಮಕ್ಕಳು ಬೆಳೆಯುವ ರೀತಿ ನೋಡಿ. ಮೊದಲ ವರ್ಷ 25 ಸೆಂಟಿಮೀಟರ್‌ನಷ್ಟು ಎತ್ತರ ಆಗುತ್ತಾರೆ, ಎರಡನೇ ವರ್ಷ ಅದರ ಅರ್ಧದಷ್ಟು, ಆಮೇಲೆ ವರ್ಷಕ್ಕೆ ಆರೇಳು ಸೆಂಟಿಮೀಟರ್. ಮೊದಲ ವರ್ಷ ದುಬಾರಿ ಬಟ್ಟೆ ತರುವುದು ಸುಮ್ನೆ ದಂಡ. ಎರಡು ದಾಟಿದ ಮೇಲೆ ಮಾತು ಬೇರೆ. ಎದೆ ಬಹಳ ನಿಧಾನ ಹಿಗ್ಗುತ್ತದೆ, ಫ್ರಾಕಿನ ಉದ್ದ ವರ್ಷಕ್ಕೆ ಒಂದಿಂಚು, ಒಂದೂವರೆ ಇಂಚು ಏರಿದರೆ ಹೆಚ್ಚು. ಹಾಗಾಗಿ ನೆರಿಗೆಯಲ್ಲಿ ದಡಿಯ ಮೇಲೆ ಅಡ್ಡಕ್ಕೆ ಮೂರು ಮಡಿಕೆ ಹಾಕಿದೆ, ಅರ್ಧರ್ಧ ಇಂಚಿನವು. ಒಂದು ಬಿಚ್ಚಿದರೆ ಒಂದಿಂಚು ಉದ್ದ ಸಿಗುತ್ತದೆ. ನೋಡುವವರಿಗೆ ಅದು ಅಲಂಕಾರ, ನನಗೆ ಮೂರು ವರ್ಷದ ಉಳಿತಾಯ.

ಮೇಲಿನ ಭಾಗಕ್ಕೆ ಒಳಗೆ ಬಿಳಿ ಮಲ್, ಅಂದರೆ ತೆಳು ಹತ್ತಿ ಬಟ್ಟೆ ಕೊಟ್ಟೆ. ಕತ್ತರಿಸಿದ ಅಂಚು ಎಲ್ಲ ಎರಡು ಪದರದ ನಡುವೆ ಮುಚ್ಚಿಹೋಗಬೇಕು, ಒಳಗೆ ಕೈಯಾಡಿಸಿದರೆ ಏನೂ ತಗಲಬಾರದು. ಹೊಲಿದ ಮೇಲೆ ಒಳಮೈಯನ್ನು ನನ್ನ ಕುತ್ತಿಗೆಗೆ ಉಜ್ಜಿ ನೋಡಿದೆ. ಕೈಬೆರಳಿಗೆ ತಿಳಿಯದ್ದು ಕುತ್ತಿಗೆಗೆ ತಿಳಿಯುತ್ತದೆ.

ಫ್ರಾಕಿನ ಕುತ್ತಿಗೆ ಮಾಡುವಾಗ ಎರಡು ಸಲ ತಪ್ಪಿದೆ. ಪುಟ್ಟ ಮಕ್ಕಳ ತಲೆ ದೊಡ್ಡದು, ಕತ್ತು ಸಣ್ಣದು. ತಲೆಯ ಸುತ್ತಳತೆ 19 ಇಂಚು ಇದ್ದರೆ ಕುತ್ತಿಗೆಯ ತೆರಪಿನ ಸುತ್ತಳತೆಯೂ ಅಷ್ಟು ಇರಬೇಕು, ಆದರೆ ಅಷ್ಟಿದ್ದರೆ ಭುಜದಿಂದ ಜಾರುತ್ತದೆ. ಬೆನ್ನಿಗೆ ಗುಂಡಿ ಇಟ್ಟು ನೋಡಿದೆ, ಮಲಗಿದಾಗ ಒತ್ತಿತು. ಕೊನೆಗೆ ಎಡ ಭುಜದ ಮೇಲೆ ಎರಡು ಚಪ್ಪಟೆ ಗುಂಡಿ ಇಟ್ಟೆ. ಜೋಡಿ ದಾರದಲ್ಲಿ ಗಟ್ಟಿಯಾಗಿ ಹೊಲಿದು, ವಾರಕ್ಕೊಮ್ಮೆ ಎಳೆದು ನೋಡುತ್ತಿದ್ದೆ. ಆ ವಯಸ್ಸಿಗೆ ಕಿತ್ತದ್ದೆಲ್ಲ ಬಾಯಿಗೇ ಹೋಗುತ್ತದೆ ಅಲ್ವಾ. ಕತ್ತಿನ ಹತ್ತಿರ ಲಾಡಿ, ದಾರ ಮಾತ್ರ ಎಂದೂ ಇಡುವುದಿಲ್ಲ. ಮಗನ ತೊಟ್ಟಿಲ ದಿನ ಅವ್ವ ಖಣದ ಕುಂಚಿಗೆ ತಂದಿದ್ದಳು, ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಹಳೇ ಕಾಲದ್ದು. ಎಷ್ಟು ಮುದ್ದಾಗಿ ಕಾಣುತ್ತಿತ್ತು! ಅದಕ್ಕೆ ಗದ್ದದ ಕೆಳಗೆ ಕಟ್ಟುವ ಲಾಡಿ ಇತ್ತು. ಎತ್ತಿಕೊಂಡಿರುವಷ್ಟು ಹೊತ್ತು ಹಾಕಿದೆವು, ತೊಟ್ಟಿಲಿಗೆ ಹಾಕುವ ಮೊದಲು ತೆಗೆದೆವು.

ಆ ದೀಪಾವಳಿಗೆ ಮಗಳು ಫ್ರಾಕು ತೊಟ್ಟು ಅಂಗಳದ ತುಂಬ ಓಡಿದಳು. ಕೂತಳು, ಮಣ್ಣಲ್ಲಿ ಉರುಳಿದಳು, ಕೈ ಮೇಲೆತ್ತಿ ಅಜ್ಜನ ಹೆಗಲು ಹತ್ತಿದಳು. ಒಮ್ಮೆಯೂ ಬಟ್ಟೆ ಎಳೆದುಕೊಳ್ಳಲಿಲ್ಲ. ಬೀದಿಯವರೆಲ್ಲ ಎಷ್ಟು ಚೆಂದ ಇದೆ ಅಂದರು. ನನ್ನ ನಂಬಿಕೆ ಇಷ್ಟೇ: ತೊಟ್ಟ ಬಟ್ಟೆಯನ್ನು ಮಗು ಮರೆತು ಆಡುತ್ತಿದ್ದರೆ ಮಾತ್ರ ಅದು ನೋಡುವವರಿಗೂ ಚೆಂದ. ಬಣ್ಣದ ವಿಷಯ ಆಮೇಲೆ. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಕ್ಕನ ಅರಿಶಿನ ಬಣ್ಣದ ಜುಬ್ಬ ಈಗ ತಮ್ಮನ ಮೇಲಿದೆ, ಅವನಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಇನ್ನು ನನ್ನ ಕಪಾಟು. ಮದುವೆಗೆ ಮೊದಲು ವಾರಕ್ಕೆ ಮೂರು ದಿನ ಗಂಜಿ ಹಾಕಿದ ಕೈಮಗ್ಗದ ಸೀರೆ ಉಟ್ಟು ಆಫೀಸಿಗೆ ಹೋಗುತ್ತಿದ್ದೆ. ಉದ್ದ ಜುಮಕಿ, ಬೆನ್ನಿಗೆ ಹುಕ್ಕಿರುವ ಬ್ಲೌಸು, ಎಲ್ಲವೂ ನನಗೆ ಬಹಳ ಪ್ರೀತಿಯವು. ಹೆರಿಗೆ ಆಪರೇಷನ್ ಆಗಿತ್ತು. ಮೂರು ತಿಂಗಳ ನಂತರ ಸೀರೆ ಉಡಲು ಹೋದರೆ ಲಂಗದ ಲಾಡಿ ಸರಿಯಾಗಿ ಗಾಯದ ಗೆರೆಯ ಮೇಲೆ ಕೂತಿತು. ಕಣ್ಣಲ್ಲಿ ನೀರು ಬಂತು. ಬ್ಲೌಸುಗಳಲ್ಲಿ ಒಂದೂ ತೋಳಿಗೆ ಏರಲಿಲ್ಲ. ಕನ್ನಡಿ ಮುಂದೆ ನಿಂತ ಆ ಹೊತ್ತು ಕಷ್ಟದ್ದು, ಅದನ್ನು ಹಗುರ ಮಾಡಿ ಹೇಳಲಾರೆ. ನನ್ನ ಬಟ್ಟೆಗಳೆಲ್ಲ ಬೇರೆ ಯಾರದ್ದೋ ಅನ್ನಿಸಿತ್ತು.

ಲಂಗಕ್ಕೆ ನಾಲ್ಕು ಇಂಚಿನ ಅಗಲ ಪಟ್ಟಿ ಹೊಲಿಸಿ, ಗಾಯಕ್ಕಿಂತ ಬಹಳ ಮೇಲೆ, ಹೊಕ್ಕಳ ಹತ್ತಿರ ಕಟ್ಟಿಕೊಂಡೆ. ನೋವು ನಿಂತಿತು. ಬ್ಲೌಸಿಗೆ ದಾರಿ ತೋರಿಸಿದ್ದೂ ಅವ್ವನೇ. ಅವಳ ಕಾಲದ ಬ್ಲೌಸುಗಳ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು, ಸಾಲಾಗಿ ಮೂರು ಹೊಲಿಗೆ ಹಾಕಿರುತ್ತಿದ್ದರು. ಮೈ ಬಂದರೆ ಒಂದು ಸಾಲು ಬಿಚ್ಚುವುದು, ಇಳಿದರೆ ಮತ್ತೆ ಹಾಕುವುದು. ನನ್ನ ರೆಡಿಮೇಡ್ ಬ್ಲೌಸುಗಳಲ್ಲಿ ಬಿಚ್ಚಲು ಏನೂ ಇರಲಿಲ್ಲ. ಅವ್ವನ ನಾಲ್ಕು ಬ್ಲೌಸು ನನ್ನವಾದವು. ಮುಂದೆ ಹುಕ್ಕಿರುವ ಆ ಹಳೇ ಮಾದರಿ ಹಾಲು ಕುಡಿಸಲೂ ಎಲ್ಲಕ್ಕಿಂತ ಅನುಕೂಲ. ಕುರ್ತಾಗಳಿಗೆ ನಾನೇ ಎದೆಯ ಎರಡೂ ಬದಿ ಏಳು ಇಂಚಿನ ಸೀಳು ಮಾಡಿ ಜಿಪ್ ಹಾಕಿದ್ದೆ. ಚಳಿಗಾಲದಲ್ಲಿ ತಣ್ಣಗಿನ ಜಿಪ್ ಕೆನ್ನೆಗೆ ತಗುಲಿ ಮಗು ಬೆಚ್ಚಿಬಿದ್ದಿತು. ಕಿತ್ತು ಹಾಕಿ, ಒಂದರ ಮೇಲೊಂದು ಬರುವ ಬಟ್ಟೆಯ ಪದರ ಇಟ್ಟೆ. ಜುಮಕಿ ಪೆಟ್ಟಿಗೆ ಸೇರಿತು, ಕಿವಿಗೆ ಪುಟ್ಟ ಹರಳು ಬಂತು. ಚಪ್ಪಲಿ ಸಪಾಟಾಯಿತು. ಪ್ರತಿ ಕುರ್ತಾಗೂ ಎರಡು ಜೇಬು ಬಂದವು, ಇವು ಮಾತ್ರ ಇನ್ನು ಹೋಗುವುದಿಲ್ಲ.

ಆಗಲೇ ಅಜ್ಜಿಯ ಇಳಕಲ್ ಸೀರೆಯನ್ನು ಕತ್ತರಿಸಿದ್ದು. ಗೋಮಿ ವಿನ್ಯಾಸದ ದಡಿ, ತೋಪುತೆನೆ ವಿನ್ಯಾಸದ ಕೆಂಪು ಸೆರಗು. ಮಡಚಿಟ್ಟ ಗೆರೆಗಳಲ್ಲೆಲ್ಲ ಹಿಸಿದಿತ್ತು, ಉಡಲು ಬರುತ್ತಿರಲಿಲ್ಲ. ಕತ್ತರಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಅವ್ವನಿಗೆ ಫೋನ್ ಮಾಡಿದೆ. "ಟ್ರಂಕಿನ್ಯಾಗ ಹರಿಯೋಕಿಂತ ಕೂಸಿನ ಮೈಮ್ಯಾಲ ಹರೀಲಿ" ಅಂದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಒಂದು ತುದಿ ಮಾತ್ರ ಗಟ್ಟಿಯಾಗಿತ್ತು, ಬಣ್ಣವೂ ಹೊಸತರ ಹಾಗಿತ್ತು. ಸೊಂಟಕ್ಕೆ ಸಿಕ್ಕಿಸುವ ಒಳಸುತ್ತು ಅದು. ಬಿಸಿಲು ಕಾಣದ, ಯಾವುದಕ್ಕೂ ಉಜ್ಜದ ಜಾಗ. ಅದರಲ್ಲಿ ಮಗಳಿಗೆ ಒಂದು ಲಂಗ ಆಯಿತು, ನನಗೆ ಕುರ್ತಾದ ತೋಳಾಯಿತು. ಸೆರಗನ್ನು ಹಾಗೇ ಎತ್ತಿಟ್ಟೆ. ಉಳಿದ ಚೂರು ಅವ್ವನ ಕೌದಿಗೆ ಹೋಯಿತು. ತಾಯಿ ಮಗಳು ಒಂದೇ ಥರ ಪೂರ್ತಿ ಒಂದೇ ಬಟ್ಟೆ ಹಾಕುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಅವಳ ಲಂಗ, ನನ್ನ ತೋಳು, ಅಷ್ಟು ಸಂಬಂಧ ಸಾಕು.

ಮತ್ತೆ ಆ ಖಣದ ಫ್ರಾಕು. ಮೂರು ತುಂಬಿದಾಗ ಒಂದು ಮಡಿಕೆ ಬಿಚ್ಚಿದೆ, ನಾಲ್ಕು ತುಂಬಿದಾಗ ಇನ್ನೊಂದು. ಬಿಚ್ಚಿದ ಕಡೆ ಒಂದು ಸಮಸ್ಯೆ ಆಯಿತು. ಮಡಿಕೆಯ ಒಳಗಿದ್ದ ಬಟ್ಟೆ ಕಡು ಹಸಿರಾಗೇ ಇತ್ತು, ಸುತ್ತಲಿನದು ಮಾಸಿತ್ತು. ಹಳೇ ಹೊಲಿಗೆಯ ತೂತುಗಳೂ ಕಾಣುತ್ತಿದ್ದವು. ಆ ಗೆರೆಯ ಮೇಲೆ ಕೆಂಪು ದಾರದಲ್ಲಿ ನಮ್ಮ ಕಡೆಯ ಕಸೂತಿಯ ಗವಂತಿ ಹೊಲಿಗೆ ಹಾಕಿದೆ. ಎಳೆ ಎಣಿಸಿ ಒಂದು ಸಲ ಹೋಗುವುದು, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ಹಿಂದೆ ಬರುವುದು. ಗಂಟು ಹಾಕುವಂತಿಲ್ಲ, ಹೊರಗೆ ಹೇಗೋ ಒಳಗೂ ಹಾಗೇ. ಮಗುವಿನ ಬಟ್ಟೆಗೆ ಇದಕ್ಕಿಂತ ಒಳ್ಳೆಯ ಹೊಲಿಗೆ ನನಗೆ ಗೊತ್ತಿಲ್ಲ. ಎರಡನೇ ಗೆರೆಗೆ ಮಗಳು ತೇರು ಬೇಕು ಅಂದಳು, ಪುಟ್ಟದಾಗಿ ಐದು ತೇರು ಹಾಕಿದೆ.

ಈಗ ಫ್ರಾಕು ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ಬಂದಿದೆ. ಕೆಳಗೆ ಲೆಗ್ಗಿಂಗ್ಸ್ ಹಾಕಿ ಕುರ್ತಾ ಥರ ತೊಡುತ್ತಾಳೆ. ಎದೆಗೆ ಇನ್ನೂ ಎರಡೂವರೆ ಇಂಚು ಸಡಿಲ ಇದೆ. ಮೂರನೇ ಮಡಿಕೆಯನ್ನು ಈ ದೀಪಾವಳಿಗೆ ಬಿಚ್ಚಬೇಕು. ಅದಕ್ಕೆ ಆನೆ ಬೇಕಂತೆ.